ಎಫೀ ಫ್ಲೆಟ್ ಎತ್ತಿಕೊಡದ ಮಾತು

ಹೊಟ್ಟೆಕಿಚ್ಚು ತನಗೆ ಗೊತ್ತೇ ಇಲ್ಲ ಎನ್ನುವವರನ್ನು ನಂಬಬಾರದು. ಎಫೀ ಫ್ಲೆಟ್ ಹಾಗೆಂದು ಯಾವತ್ತೂ ಹೇಳಿಕೊಂಡವಳಲ್ಲ. ಅವಳಿಗೆ ಅದು ಎಷ್ಟು ಚೆನ್ನಾಗಿ ಗೊತ್ತಿತ್ತೆಂದರೆ, ಸಂಜೆ ಮನೆಗೆ ಹೋಗಿ ಬೂಟು ಬಿಚ್ಚುತ್ತ, “ಇವತ್ತು ಸ್ವಲ್ಪ ಜಾಸ್ತೀನೇ ಉರೀತಾ ಇದೆ ಕಣೋ” ಎಂದು ಬೆಕ್ಕಿಗೆ ವರದಿ ಒಪ್ಪಿಸುತ್ತಿದ್ದಳು.

ಎಡಿನ್‌ಬರೋದಿಂದ ಬಲು ಉತ್ತರಕ್ಕಿರುವ ಫಾರೆಸ್ ಪೇಟೆಯ ದೊಡ್ಡ ಬೀದಿಯ ಬೇಕರಿಯಲ್ಲಿ ಇಪ್ಪತ್ತಮೂರು ವರ್ಷ ಕೌಂಟರಿನ ಹಿಂದೆ ನಿಂತ ಹೆಂಗಸು ಅವಳು. ಊರಿನವರಿಗೆಲ್ಲ ಬೆಳಗಿನ ಬಟರಿ ಅವಳ ಕೈಯಿಂದಲೇ ಆಗಬೇಕು. ಕೊಬ್ಬು ಜಿನುಗುವ, ಉಪ್ಪುಪ್ಪಾದ ಆ ಚಪ್ಪಟೆ ಬನ್ನು ಬಿಸಿಯಾಗಿ ಹೊಟ್ಟೆಗೆ ಇಳಿಯುವವರೆಗೆ ಅಲ್ಲಿಯ ಜನ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಹುಟ್ಟಿದ್ದು ಮಾತ್ರ ಫಾರೆಸಿನಲ್ಲಲ್ಲ, ಹತ್ತು ಮೈಲಿ ಆಚೆ ಕಡಲಂಚಿನ ಬರ್ಗ್‌ಹೆಡ್ಡಿನಲ್ಲಿ, ಮೀನುಗಾರರ ಮನೆಯಲ್ಲಿ. ತಾಯಿ ಬೆನ್ನಿಗೆ ಮೀನಿನ ಬುಟ್ಟಿ ಕಟ್ಟಿಕೊಂಡು ಹೊಲಮನೆಗಳ ಬಾಗಿಲು ಬಡಿದು ಬದುಕಿದವಳು. ಮಗಳಿಗೆ ತಾಯಿಯ ಗಿಡ್ಡ ಕಾಲು ಬಂತು, ಅಗಲವಾದ ಭುಜ ಬಂತು, ಒಮ್ಮೆ ಕೇಳಿದ್ದನ್ನು ಮರೆಯದ ತಲೆಯೂ ಬಂತು. ಮದುವೆ ಆಗಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ, “ಬನ್ನು ಬೇಕಾ, ನನ್ನ ಜಾತಕ ಬೇಕಾ?” ಎನ್ನುತ್ತಿದ್ದಳು.

ಸಂಜೆಗಳಲ್ಲಿ ಅವಳಿಗೆ ಇನ್ನೊಂದು ಕೆಲಸವಿತ್ತು. ಊರಿನ ನಾಟಕದ ಸಂಘಕ್ಕೆ ಅವಳು ಪ್ರಾಂಪ್ಟರ್. ಪಕ್ಕದ ಪರದೆಯ ಮರೆಯಲ್ಲಿ, ಮೂರು ಕಾಲಿನ ಸ್ಟೂಲಿನ ಮೇಲೆ, ಮಂಕು ದೀಪದ ಕೆಳಗೆ ಪುಸ್ತಕ ಹಿಡಿದು ಕೂರುವುದು. ರಂಗದ ಮೇಲೆ ಯಾರಾದರೂ ಮಾತು ಮರೆತರೆ ಮೆಲ್ಲಗೆ ಎತ್ತಿಕೊಡುವುದು. ಇದೇನು ಮಹಾ ಎನ್ನಬೇಡಿ. ಮಾತು ಮರೆತವನ ಮೌನ ಬೇರೆ, ಬೇಕೆಂದೇ ಮಾತು ತಡೆದವನ ಮೌನ ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಮೊದಲನೆಯದಕ್ಕೆ ಮಾತು ಕೊಡದಿದ್ದರೆ ನಟ ಸತ್ತ. ಎರಡನೆಯದಕ್ಕೆ ಕೊಟ್ಟರೆ ನಾಟಕ ಸತ್ತಿತು. ಬೇಕೆಂದೇ ನಿಲ್ಲಿಸುವ ಜಾಗಗಳಿಗೆ ಎಫೀ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಚುಕ್ಕಿ ಇಡುತ್ತಿದ್ದಳು, ಎಷ್ಟು ಎಣಿಸಬೇಕೋ ಅಷ್ಟು ಚುಕ್ಕಿ. ಕಟುಕರ ಅಂಗಡಿಯ ಡಾಡ್ ಕಮಿಂಗ್ ಮಾತು ಮರೆತರೆ ಅವನ ಕಿವಿ ಕೆಂಪಾಗುತ್ತದೆ, ಆಸ್ಪತ್ರೆಯ ನರ್ಸಮ್ಮ ತುಟಿ ನೆಕ್ಕಿಕೊಳ್ಳುತ್ತಾಳೆ, ಇವೆಲ್ಲ ಅವಳಿಗೆ ಪಾಠವಾಗಿದ್ದವು. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಆದರೆ ಹದಿನೆಂಟು ವರ್ಷವೂ ಅವಳ ಮನಸ್ಸಿದ್ದದ್ದು ಮೂರು ಗಜ ಆಚೆ, ಬೆಳಕಿನಲ್ಲಿ. ಒಮ್ಮೆ, ಒಂದೇ ಒಂದು ಸಲ, ಅಲ್ಲಿ ನಿಲ್ಲಬೇಕು. ಅದೂ ಬೇರೆ ಯಾವ ಪಾತ್ರವೂ ಬೇಡ. ಆ ರಾಣಿಯದೇ ಬೇಕು.

ಆ ರಾಣಿ ಎಂದರೆ ಆ ನಾಟಕದ ರಾಣಿ. ನಾಟಕದವರು ಅದರ ಹೆಸರನ್ನು ರಂಗಮಂದಿರದೊಳಗೆ ಎತ್ತುವುದಿಲ್ಲ. ಎತ್ತಿದರೆ ಯಾರಿಗಾದರೂ ಕೈಕಾಲು ಮುರಿಯುತ್ತದೆ ಎಂದು ನಂಬಿಕೆ. ಗಂಡನನ್ನು ಸಿಂಹಾಸನಕ್ಕೆ ಹತ್ತಿಸಲು ಕೊಲೆಗೆ ಹುರಿದುಂಬಿಸಿ, ಕೊನೆಗೆ ನಿದ್ದೆಯಲ್ಲಿ ನಡೆದಾಡುತ್ತ ಒಳಗಿದ್ದದ್ದನ್ನೆಲ್ಲ ಬಾಯಿಬಿಡುವ ಹೆಂಗಸಿನ ಕಥೆ. ಬರೆದದ್ದು ಲಂಡನ್ನಿನಲ್ಲಾದರೂ ನಡೆದದ್ದು ಫಾರೆಸಿನ ಸುತ್ತಮುತ್ತ ಎಂದು ಪುಸ್ತಕವೇ ಹೇಳುತ್ತದೆ. ಹಾಗಾಗಿ ಊರಿನವರಿಗೆ ಆ ರಾಜ ಒಂದು ರೀತಿಯಲ್ಲಿ ಸಂಬಂಧಿ ಇದ್ದಂತೆ. ಕೆಟ್ಟವನೇ ಇರಬಹುದು, ಆದರೆ ನಮ್ಮವನು.

ಎರಡನೆಯ ಮಹಾಯುದ್ಧ ಮುಗಿದ ಒಂಬತ್ತನೆಯ ವರ್ಷ ಟಲ್ಲಕ್ ಮೇಷ್ಟ್ರು ಅದನ್ನೇ ಆಡಿಸುವುದೆಂದು ಸಾರಿದರು. ಅವರು ನಿವೃತ್ತ ಹೆಡ್‌ಮಾಸ್ಟರು, ಸಂಘದ ನಿರ್ದೇಶಕರು. ಅರ್ಧ ಊರಿಗೆ ಅಕ್ಷರ ಕಲಿಸಿ, ಉಳಿದರ್ಧಕ್ಕೆ ಬೆತ್ತ ತೋರಿಸಿದವರು. ಜಿಲ್ಲೆಯ ನಾಟಕ ಸ್ಪರ್ಧೆಗೂ ಅದನ್ನೇ ಒಯ್ಯುವುದು. ಸ್ಪರ್ಧೆಯಲ್ಲಿ ಒಂದು ಗಂಟೆ ಮೀರುವಂತಿಲ್ಲವಾದ್ದರಿಂದ ಮೇಷ್ಟ್ರು ಕತ್ತರಿ ಹಿಡಿದು, ರಾಜ ರಾಣಿಯರ ದೃಶ್ಯಗಳನ್ನಷ್ಟೇ ಉಳಿಸಿ ಹೊಲಿದಿದ್ದರು. ಎಫಿಗೆ ಎರಡು ದಿನ ಊಟ ಸೇರಲಿಲ್ಲ. ಆ ರಾಣಿಯ ಮಾತು ಅವಳಿಗೆ ಹದಿನೇಳನೆಯ ವಯಸ್ಸಿನಿಂದ ಕಂಠಪಾಠ. ಮೂರನೆಯ ದಿನ ಧೈರ್ಯ ಮಾಡಿ ಮೇಷ್ಟ್ರ ಹತ್ತಿರ ಹೋದಳು.

“ಮೇಷ್ಟ್ರೇ, ರಾಣಿ ಪಾತ್ರ ಯಾರಿಗೆ?”

“ಇನಾ ಲೇಂಗ್ ಒಪ್ಪಿದಾಳಮ್ಮ. ನಮ್ಮ ಪುಣ್ಯ.”

“ನಾನು ಕೇಳೋಣ ಅಂತಿದ್ದೆ.”

ಮೇಷ್ಟ್ರು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು. ಪ್ರೀತಿಯಿಂದ ಅವಳ ಭುಜ ತಟ್ಟಿದರು. “ನೀನು ಅಲ್ಲಿ ಹೋಗಿ ನಿಂತ್ರೆ ಪುಸ್ತಕ ಹಿಡಿಯೋರು ಯಾರು ಎಫೀ? ನೀನಿಲ್ಲದಿದ್ರೆ ನಾಟಕ ಬಿದ್ದೇ ಹೋಗುತ್ತೆ. ರಾಣಿ ಹತ್ತು ಜನ ಸಿಗ್ತಾರೆ, ನಿನ್ನಂಥವಳು ಸಿಗ್ತಾಳಾ?”

ಮೆಚ್ಚುಗೆಯ ಮಾತಿನಲ್ಲೇ ಬಾಗಿಲು ಹಾಕಿ ಅಗುಳಿ ಜಡಿದದ್ದು ಹೀಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನೋಣವೆಂದರೆ ಕೈಗೂ ಬಂದಿರಲಿಲ್ಲ.

ಇನ್ನು ಇನಾ ಲೇಂಗ್. ಅವಳೂ ಎಫಿಯೂ ಶಾಲೆಯಲ್ಲಿ ಒಂದೇ ಬೆಂಚು. ಇನಾ ಬರ್ಗ್‌ಹೆಡ್ಡಿನ ಜವಳಿ ಅಂಗಡಿಯವರ ಮಗಳು, ಎತ್ತರದ ಹುಡುಗಿ. ಎಡಿನ್‌ಬರೋದಲ್ಲಿ ಒಂದು ವರ್ಷ ಮಾತಿನ ತರಬೇತಿ ಮಾಡಿ ಬಂದು, ಬ್ಯಾಂಕಿನ ಮ್ಯಾನೇಜರನನ್ನು ಮದುವೆಯಾಗಿದ್ದಳು. ಕೂದಲು ನಲವತ್ತೊಂದರಲ್ಲೂ ಜೇನಿನ ಬಣ್ಣ. ಕೆಟ್ಟವಳೇ ಎಂದರೆ ಅಲ್ಲ, ಅದೇ ಕಷ್ಟ. ಸಿಕ್ಕಲ್ಲೆಲ್ಲ ಎಫಿಯ ತೋಳಿಗೆ ತೋಳು ಸೇರಿಸಿ, “ಬಾರೇ ಗಿಡ್ಡಿ” ಎನ್ನುತ್ತಿದ್ದಳು, ಮೂವತ್ತೈದು ವರ್ಷದ ಹಿಂದಿನ ಹಾಗೆಯೇ. ಕೆಟ್ಟವಳನ್ನು ದ್ವೇಷಿಸುವುದು ಸುಲಭ. ಒಳ್ಳೆಯವಳನ್ನು ದ್ವೇಷಿಸಬೇಕಾದರೆ ದಿನವೂ ಬೆಳಗ್ಗೆ ಎದ್ದು ಹೊಸದಾಗಿ ಶುರುಮಾಡಬೇಕು. ಎಫೀ ಮಾಡುತ್ತಿದ್ದಳು.

ತಾಲೀಮು ಶುರುವಾದ ಎರಡನೆಯ ವಾರ ಇನಾ ಕಾಲು ಪೌಂಡು ಚಹದ ಪುಡಿ ಹಿಡಿದು ಎಫಿಯ ಮನೆಗೆ ಬಂದಳು. ಅಡುಗೆಮನೆಯ ಒಲೆಯ ಮುಂದೆ ಕೂತು, “ನನಗೆ ಈ ಹೆಂಗಸು ಹಿಡಿತಕ್ಕೆ ಸಿಗ್ತಿಲ್ಲ ಕಣೇ. ಬರೀ ರಾಕ್ಷಸಿ ಥರ ಕಿರುಚ್ತಾ ಇದೀನಿ. ನೀನು ಅದೇನೇನೋ ಓದ್ತಿದ್ದೆಯಲ್ಲ ಹಳೇ ಕಾಲದ್ದು, ಹೇಳು” ಎಂದಳು.

ಹೇಳಬಾರದಿತ್ತು. ಆದರೆ ಇಪ್ಪತ್ತು ವರ್ಷದಿಂದ ಒಬ್ಬರೂ ಕೇಳದಿದ್ದದ್ದನ್ನು ಕೇಳಿದವರ ಮುಂದೆ ಬಾಯಿ ಮುಚ್ಚಿಕೊಂಡಿರುವುದು ಯಾರಿಂದ ಸಾಧ್ಯ?

“ರಾಕ್ಷಸಿ ಅಲ್ಲ ಕಣೇ ಅವಳು. ಲಂಡನ್ನಿನವರು ಅವರ ಹೊಸ ರಾಜನ್ನ ಮೆಚ್ಚಿಸೋಕೆ ಹಾಗೆ ಕಟ್ಟಿದ್ರು. ನಿಜವಾದ ರಾಜ ನಾಟಕದಲ್ಲಿರೋ ಹಾಗೆ ಮಲಗಿದ್ದ ಮುದುಕ ದೊರೇನ ಚುಚ್ಚಲಿಲ್ಲ. ಸತ್ತವನು ಇನ್ನೂ ಹರೆಯದವನು, ಇಲ್ಲೇ ಎಲ್ಗಿನ್ ಹತ್ರ, ಕಾಳಗದಲ್ಲಿ. ಆಮೇಲೆ ಇವನು ಹದಿನೇಳು ವರ್ಷ ಆಳಿದ. ರೋಮಿಗೆ ಯಾತ್ರೆ ಹೋಗಿ ಬಡವರಿಗೆ ಕಾಸು ಬಿತ್ತಿದನಂತೆ, ಬೀಜ ಬಿತ್ತಿದ ಹಾಗೆ.”

“ಅವಳು?”

“ಅವಳು ಹಿಂದಿನೊಬ್ಬ ರಾಜನ ಮೊಮ್ಮಗಳು. ಸಿಂಹಾಸನ ಅವಳ ವಂಶದ್ದೇ, ಕಿತ್ಕೊಂಡಿದ್ರು. ಅವಳ ಮೊದಲನೇ ಗಂಡನ್ನ ಐವತ್ತು ಆಳುಗಳ ಜೊತೆ ಸುಟ್ಟುಹಾಕಿದ್ರು. ಕಂಕುಳಲ್ಲಿ ಕೂಸು. ಆಮೇಲೆ ಈ ರಾಜನ್ನ ಮದುವೆ ಆದಳಲ್ಲ, ಬೆಂಕಿ ಇಟ್ಟವನು ಇವನೇ ಅಂತಲೂ ಕೆಲವರು ಹೇಳ್ತಾರೆ.”

ಇನಾಳ ಕೈಯಲ್ಲಿದ್ದ ಚಹದ ಕಪ್ಪು ಅಲ್ಲೇ ನಿಂತಿತು. “ಅಯ್ಯೋ ದೇವರೇ.”

“ಅದಕ್ಕೇ ಹೇಳ್ತೀನಿ. ನಿದ್ದೆಯಲ್ಲಿ ನಡೀತಾಳಲ್ಲ, ಆಗ ಅವಳಿಗೆ ಮೊನ್ನೆ ಮೊನ್ನೆಯ ಕೊಲೆ ಮಾತ್ರ ಕಾಣೋದಿಲ್ಲ. ಹಳೇ ಬೆಂಕಿ ಕಾಣುತ್ತೆ. ‘ಆ ಮುದುಕನಲ್ಲಿ ಅಷ್ಟೊಂದು ರಕ್ತ ಇತ್ತು ಅಂತ ಯಾರಿಗೆ ಗೊತ್ತಿತ್ತು’ ಅಂತಾಳಲ್ಲ, ಆ ಮಾತು ಮುಗಿದ ತಕ್ಷಣ ಇನ್ನೊಂದಕ್ಕೆ ಹಾರಬಾರದು. ನಿಲ್ಲಬೇಕು. ಏಳು ಎಣಿಸಬೇಕು. ಬೆಂಕಿ ನೋಡಬೇಕು.” ಎಫೀ ಎದ್ದು ನಿಂತಳು. ಪಾತ್ರೆ ಒರೆಸುವ ಬಟ್ಟೆ ಕೈಯಲ್ಲೇ ಇತ್ತು. ಒಲೆಯ ಮುಂದೆ ಆ ಮಾತನ್ನು ಹೇಳಿ, ನಿಂತು, ಏಳು ಎಣಿಸಿದಳು. ಮುಗಿದಾಗ ಇನಾ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಮರುವಾರದ ತಾಲೀಮಿನಲ್ಲಿ ಇನಾ ಆ ಜಾಗದಲ್ಲಿ ನಿಂತಳು, ಏಳು ಎಣಿಸಿದಳು. ಟಲ್ಲಕ್ ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. “ಇನಾ! ಇದು ಎಲ್ಲಿಂದ ಬಂತು?”

“ಏನೋ ಮೇಷ್ಟ್ರೇ, ಹಾಗೇ ಹೊಳೀತು” ಎಂದಳು ಇನಾ, ಕೂದಲು ಸರಿಮಾಡಿಕೊಳ್ಳುತ್ತ.

ಮರೆಯಲ್ಲಿ ಕೂತಿದ್ದ ಎಫೀ ಪುಸ್ತಕದ ಅಂಚಿಗೆ ಏಳು ಚುಕ್ಕಿ ಇಟ್ಟಳು. ಏಳನೆಯದನ್ನು ಇಡುವಾಗ ಪೆನ್ಸಿಲು ಹಾಳೆಯನ್ನೇ ತೂತು ಮಾಡಿತು.

ಊರಿನಲ್ಲಿ ಎರಡು ದಿನ ನಾಟಕವಾಯಿತು. ಆಮೇಲೆ ಬೇಕರಿಯಲ್ಲಿ ನಿಂತು ಅವಳು ಪಟ್ಟದ್ದು ಶತ್ರುವಿಗೂ ಬೇಡ. ಬೆಳಗ್ಗೆ ಏಳಕ್ಕೆ ಬಾಗಿಲು ತೆರೆದರೆ ಮೊದಲ ಗಿರಾಕಿ ಬೆಲ್ಲಾ ಮುದುಕಿ.

“ನಾಲ್ಕು ಬಟರಿ ಕೊಡಮ್ಮ. ನಿನ್ನೆ ಇನಾ ನಿಂತಳಲ್ಲ, ಮಾತೇ ಆಡದೆ! ನನ್ನ ಮೈಯೆಲ್ಲ ಜುಮ್ಮಂತು. ಎಂಥಾ ತಲೆ ಅವಳದು!”

“ನಾಲ್ಕೇ ಸಾಕಾ?”

“ನೀನೂ ಅಲ್ಲೇ ಒಳಗೆ ಇದ್ದೆಯಂತೆ?”

“ಇದ್ದೆ.”

“ಪುಣ್ಯವಂತೆ ಬಿಡು, ಹತ್ತಿರದಿಂದ ನೋಡಿದೆ.”

ಮುದುಕಿಯ ಹಿಂದೆ ಪೋಸ್ಟ್‌ಮನ್, ಅವನ ಹಿಂದೆ ಪಾದ್ರಿಯ ಹೆಂಡತಿ. ಎಲ್ಲರ ಬಾಯಲ್ಲೂ ಇನಾಳ ಮೌನ. ಬಿತ್ತಿದವಳು ಒಬ್ಬಳು, ಕೊಯ್ದು ಕಣಜ ತುಂಬಿಕೊಂಡವಳು ಇನ್ನೊಬ್ಬಳು; ಅಳೆದು ಮಾರುವ ಕೆಲಸವೂ ಬಿತ್ತಿದವಳದೇ. ಅವತ್ತು ಸಂಜೆ ಎಫೀ ಬೆಕ್ಕಿಗೆ ಏನೂ ಹೇಳಲಿಲ್ಲ. ಹೇಳಿ ತೀರುವ ಉರಿಯಲ್ಲ ಅದು.

ಸ್ಪರ್ಧೆ ಎಲ್ಗಿನ್ನಿನಲ್ಲಿ, ಫೆಬ್ರವರಿಯ ಕೊನೆಯಲ್ಲಿ. ಎಡಿನ್‌ಬರೋದಿಂದ ಬರುವ ತೀರ್ಪುಗಾರರು ನಾಟಕಗಳೆಲ್ಲ ಮುಗಿದ ಮೇಲೆ ರಂಗಕ್ಕೇ ಹತ್ತಿ, ಜನರೆದುರಿಗೇ ಒಬ್ಬೊಬ್ಬರ ಹುಳುಕು ಎತ್ತಿ ಆಡುವುದು ಅಲ್ಲಿಯ ಪದ್ಧತಿ. ಅದನ್ನು ಕೇಳಲಿಕ್ಕೆಂದೇ ಬರುವವರೂ ಇದ್ದಾರೆ, ನೆರೆಯೂರಿನವರ ಮಾನ ಹೋಗುವುದು ಯಾರಿಗೆ ಹಿತವಲ್ಲ? ಪ್ರಾಂಪ್ಟರಿನ ದನಿ ಸಭೆಗೆ ಕೇಳಿಸಿತೋ, ಅಂಕ ಹೋಯಿತೆಂದೇ ಲೆಕ್ಕ.

ಶುರುವಿಗೇ ಒಂದು ಎಡವಟ್ಟಾಯಿತು. ರಾಜನ ವೇಷ ತೊಟ್ಟಿದ್ದ ಡಾಡ್ ಕಮಿಂಗ್ ಬೂಟು ಹುಡುಕುತ್ತ, ಬಾಯಿತಪ್ಪಿ ನಾಟಕದ ಹೆಸರನ್ನು ಹೇಳಿಬಿಟ್ಟ. ಮೇಷ್ಟ್ರು ಅವನ ಕತ್ತಿನ ಪಟ್ಟಿ ಹಿಡಿದು ಹೊರಗೆ ತಳ್ಳಿದರು. ಕಿರೀಟ ಸಮೇತ ಹಿಮದಲ್ಲಿ ನಿಂತು, ಮೂರು ಸುತ್ತು ತಿರುಗಿ, ಎಡಗಡೆಗೆ ಉಗುಳಿ, ಒಂದು ಕೆಟ್ಟ ಬೈಗುಳ ಬೈದು, ಬಾಗಿಲು ತಟ್ಟಿ, ಒಳಗೆ ಬರಲು ಅಪ್ಪಣೆ ಬೇಡಬೇಕು. ಅದು ಪರಿಹಾರ.

“ಬಿಡ್ರಪ್ಪಾ ಒಳಗೆ! ಮೀಸೆ ಬಿದ್ದೋಗ್ತಾ ಇದೆ!” ಎಂದು ಡಾಡ್ ಕೂಗಿದ.

“ಬೈದೆಯೋ?”

“ನಿಮ್ಮನ್ನೇ ಬೈದೆ ಮೇಷ್ಟ್ರೇ!”

ಎಲ್ಲರೂ ನಕ್ಕರು. ಎಫೀ ನಗಲಿಲ್ಲ. ಅವಳು ಕನ್ನಡಿಯೆದುರು ಕೂತಿದ್ದ ಇನಾಳನ್ನು ನೋಡುತ್ತಿದ್ದಳು. ಆ ಬಿಳಿಯ ನಿಲುವಂಗಿಯನ್ನು ಹೊಲಿದವಳೂ ಎಫಿಯೇ, ತನ್ನ ಅಳತೆಗಿಂತ ಒಂದಡಿ ಉದ್ದವಾಗಿ.

ನಾಟಕ ಚೆನ್ನಾಗಿ ನಡೆಯಿತು. ನಿದ್ದೆಯಲ್ಲಿ ನಡೆಯುವ ದೃಶ್ಯ ಬಂತು. ಇನಾ ದೀಪ ಹಿಡಿದು ಬಂದಳು, ಮಾತು ಹೇಳಿದಳು, ನಿಂತಳು. ಎಫೀ ಬೆರಳ ತುದಿಯನ್ನು ಚುಕ್ಕಿಗಳ ಮೇಲೆ ಒಂದೊಂದಾಗಿ ಸರಿಸಿದಳು. ಐದು, ಆರು, ಏಳು. ಇನಾ ಮಾತಾಡಲಿಲ್ಲ. ಎಂಟು. ಒಂಬತ್ತು. ಆಗ ಎಫೀ ತಲೆಯೆತ್ತಿದಳು. ಇನಾಳ ಹೆಬ್ಬೆರಳು ದೀಪದ ಹಿಡಿಯನ್ನು ಉಜ್ಜುತ್ತಿತ್ತು. ನಿದ್ದೆಗಣ್ಣಿನಂತೆ ನೆಟ್ಟಿದ್ದ ಕಣ್ಣು ನಿಧಾನವಾಗಿ ಮರೆಯ ಕಡೆಗೆ, ಸ್ಟೂಲಿನ ಕಡೆಗೆ ಹೊರಳಿತು. ಅವಳು ಮಾತು ಮರೆತಿದ್ದಳು. ಬೇಕೆಂದೇ ತಡೆದ ಮೌನ ಏಳಕ್ಕೇ ಮುಗಿದಿತ್ತು, ಇದು ಇನ್ನೊಂದು.

ಮಾತು ಎಫಿಯ ನಾಲಿಗೆಯ ತುದಿಯಲ್ಲೇ ಇತ್ತು. ಒಂದು ಉಸಿರು ಬಿಟ್ಟರೆ ಸಾಕಿತ್ತು. ಅವಳು ಉಸಿರು ಬಿಡಲಿಲ್ಲ.

‘ಹೊಳೀತು ಅಂದೆಯಲ್ಲ,’ ಎಂದುಕೊಂಡಳು. ‘ಈಗ ಹೊಳೀಲಿ.’

ಹನ್ನೆರಡು. ಹದಿನೈದು. ಇನಾಳ ಕಣ್ಣು ಬೇಡುತ್ತಿತ್ತು. ಎಫೀ ಆ ಕಣ್ಣನ್ನು ನೇರವಾಗಿ ನೋಡುತ್ತಲೇ ಬಾಯಿ ಬಿಗಿಹಿಡಿದು ಕೂತಳು. ಒಳಗೆ ಹಿತವಾಗಿತ್ತು, ಸುಳ್ಳು ಯಾಕೆ, ಬಹಳ ಹಿತವಾಗಿತ್ತು. ಇಪ್ಪತ್ತಕ್ಕೆ ಇನಾಳ ಗಂಟಲಿನಿಂದ ಸಣ್ಣದೊಂದು ನರಳಿಕೆ ಹೊರಟಿತು, ಒದೆ ತಿಂದ ನಾಯಿಮರಿಯ ಹಾಗೆ. ಅದರ ಹಿಂದೆಯೇ ಹೇಗೋ ಮಾತು ಬಂತು. ದೃಶ್ಯ ಮುಗಿಯಿತು. ಇಡೀ ಸಭಾಂಗಣದಲ್ಲಿ ಒಂದು ಕೆಮ್ಮೂ ಇರಲಿಲ್ಲ.

ತೀರ್ಪುಗಾರರು ಬಡಕಲು ಮನುಷ್ಯ, ಕುತ್ತಿಗೆಗೆ ಬೋ ಟೈ. ಮೊದಲೆರಡು ತಂಡಗಳ ಚರ್ಮ ಸುಲಿದು ಕೊನೆಗೆ ಫಾರೆಸಿನವರ ಕಡೆ ತಿರುಗಿದರು. “ಮೂವತ್ತು ವರ್ಷದಿಂದ ನಾಟಕ ನೋಡುತ್ತಿದ್ದೇನೆ. ಇಂಥ ಮೌನವನ್ನು ಕೇಳಿಲ್ಲ. ಆ ಹೆಂಗಸು ಏನನ್ನೋ ಬೇಡುತ್ತಿದ್ದಳು, ಯಾರೂ ಕೊಡಲಿಲ್ಲ. ನರಕ ಎಂದರೆ ಅದೇ.” ಆಮೇಲೆ ಕನ್ನಡಕ ತೆಗೆದರು. “ಇನ್ನೊಂದು ಮಾತು. ಸಾಧಾರಣ ಪ್ರಾಂಪ್ಟರ್ ಆಗಿದ್ದರೆ ಹತ್ತಕ್ಕೇ ಹೆದರಿ ಮಾತು ಕೊಟ್ಟು ಎಲ್ಲ ಕೆಡಿಸುತ್ತಿದ್ದರು. ಆ ಮರೆಯಲ್ಲಿ ಕೂತವರು ಯಾರೋ, ಅವರದು ಕಬ್ಬಿಣದ ಎದೆ. ನಾನು ಅವರನ್ನು ನೋಡಬೇಕು.”

ಡಾಡ್ ಅವಳನ್ನು ಹಿಂದಿನಿಂದ ನೂಕಿದ. ಹದಿನೆಂಟು ವರ್ಷದ ಮೇಲೆ ಎಫೀ ಫ್ಲೆಟ್ ಬೆಳಕಿಗೆ ಬಂದು ನಿಂತಳು, ಉಣ್ಣೆಯ ಕಾರ್ಡಿಗನ್ನಿನಲ್ಲಿ, ಪೆನ್ಸಿಲು ಕಿವಿಯ ಮೇಲೆ. ನಾನೂರು ಜನ ಎದ್ದು ಚಪ್ಪಾಳೆ ತಟ್ಟಿದರು. ಬದುಕಿಡೀ ಬೇಡಿದ್ದು ಅದನ್ನೇ. ಬದುಕಿನಲ್ಲಿ ಮಾಡಿದ ಒಂದೇ ಒಂದು ನೀಚ ಕೆಲಸಕ್ಕೆ ಅದು ಸಿಕ್ಕಿತು. ಇನಾ ಪಕ್ಕಕ್ಕೆ ಬಂದು ಅವಳ ಕೈ ಹಿಡಿದಳು. ಹಿಡಿತ ಗಟ್ಟಿಯಾಗಿತ್ತು, ಅಂಗೈ ಇನ್ನೂ ತಣ್ಣಗಿತ್ತು.

“ನಾನು ನಿನ್ನ ಕಡೆ ನೋಡಿದೆ ಎಫೀ” ಎಂದಳು, ಜನರ ಕಡೆ ನಗುತ್ತಲೇ.

“ಕತ್ತಲಿತ್ತು ಕಣೇ. ಕಾಣಲಿಲ್ಲ.”

ಇನಾ ಮತ್ತೆ ಆ ಮಾತು ಎತ್ತಲಿಲ್ಲ, ಅವತ್ತೂ ಎತ್ತಲಿಲ್ಲ, ಅದರ ಮರುದಿನವೂ ಇಲ್ಲ. ಫಾರೆಸಿಗೆ ಮೊದಲ ಸ್ಥಾನ ಬಂದಿತ್ತು. ಮಾರ್ಚಿನ ಕೊನೆಗೆ ಇನ್ವರ್ನೆಸ್ಸಿನಲ್ಲಿ ಅಂತಿಮ ಸ್ಪರ್ಧೆ. ಬೇಕರಿಯಲ್ಲಿ ಈಗ ಜನ ಎಫಿಯನ್ನೂ ಸೇರಿಸಿ ಹೊಗಳತೊಡಗಿದರು. “ಕಬ್ಬಿಣದ ಎದೆ ಬಂತಪ್ಪೋ” ಎಂದು ಪೋಸ್ಟ್‌ಮನ್ ದಿನವೂ ರೇಗಿಸುತ್ತಿದ್ದ. ಅವಳಿಗೆ ನಾಚಿಕೆಯಾಗುತ್ತಿತ್ತು ಎಂದು ಬರೆದರೆ ಚೆಂದ. ಆಗುತ್ತಿತ್ತು ಕೂಡ, ರವಿವಾರ ಚರ್ಚಿನಲ್ಲಿ, ಹತ್ತು ನಿಮಿಷ. ಉಳಿದ ಹೊತ್ತೆಲ್ಲ ಅವಳ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ: ನಾನು ಕೆಡಿಸಲು ಹೋದದ್ದೂ ಅವಳಿಗೇ ಕಿರೀಟವಾಯಿತಲ್ಲ! ಏಳು ಎಣಿಸಲು ಹೇಳಿಕೊಟ್ಟದ್ದು ನಾನು, ಇಪ್ಪತ್ತು ನಿಂತ ಹೆಸರು ಅವಳದು.

ಸ್ಪರ್ಧೆಗೆ ಆರು ದಿನವಿರುವಾಗ ಇನಾ ಬ್ಯಾಂಕಿನ ಮೆಟ್ಟಿಲ ಮೇಲೆ ಮಂಜುಗಡ್ಡೆಗೆ ಕಾಲು ಜಾರಿ ಬಿದ್ದು ಪಾದದ ಗಂಟು ಮುರಿದುಕೊಂಡಳು. ಊರೆಲ್ಲ ಡಾಡ್ ಕಮಿಂಗನ ಮೇಲೆ ಹರಿಹಾಯ್ದಿತು. “ಮೂರು ಸುತ್ತು ಸರಿಯಾಗಿ ತಿರುಗಿದ್ದೀಯೇನೋ? ಎರಡೂವರೆಗೇ ಬಂದಿರಬೇಕು ನೀನು!” ಎಂದು ಬೆಲ್ಲಾ ಮುದುಕಿ ಅವನ ಅಂಗಡಿಗೇ ಹೋಗಿ ಬೈದಳು. ಎಫಿಗೆ ಸುದ್ದಿ ಮುಟ್ಟಿದಾಗ ಅವಳು ಬ್ರೆಡ್ಡು ಜೋಡಿಸುತ್ತಿದ್ದಳು. “ಅಯ್ಯೋ ಪಾಪ” ಎಂದಳು. ಒಳಗೆ ಹೋಗಿ ಹಿಟ್ಟಿನ ಚೀಲಗಳ ಹಿಂದೆ ನಿಂತು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು, ನಗು ಹೊರಗೆ ಬಾರದಿರಲಿ ಎಂದು.

ಮರುದಿನ ಸಂಜೆ ಮೇಷ್ಟ್ರೇ ಮನೆಗೆ ಬಂದರು. ಅವರ ಹಿಂದೆ ಊರುಗೋಲಿನ ಮೇಲೆ ಇನಾ.

“ಮಾತೆಲ್ಲ ಬರೋದು ನಿನಗೊಬ್ಬಳಿಗೇ ಎಫೀ” ಎಂದರು ಮೇಷ್ಟ್ರು, ಮಾತು ನುಂಗುತ್ತ.

“ಪುಸ್ತಕ ಹಿಡಿಯೋರು ಯಾರು ಮೇಷ್ಟ್ರೇ? ನಾನಿಲ್ಲದಿದ್ರೆ ನಾಟಕ ಬಿದ್ದೋಗುತ್ತಲ್ಲ?”

ಮೇಷ್ಟ್ರು ಟೋಪಿ ತಿರುಗಿಸುತ್ತ ನಿಂತರು. ಇನಾ ನಕ್ಕಳು. “ನಾನು ಹಿಡೀತೀನಿ ಕಣೇ. ಕಾಲು ತಾನೇ ಮುರಿದಿರೋದು, ಕಣ್ಣಲ್ಲವಲ್ಲ. ಒಪ್ಪಿಕೋ ಗಿಡ್ಡಿ.”

ನಿಲುವಂಗಿಯನ್ನು ಒಂದಡಿ ಕತ್ತರಿಸುವಾಗ ಎಫೀ ಹಾಡಿಕೊಳ್ಳುತ್ತಿದ್ದಳು.

ಇನ್ವರ್ನೆಸ್ಸಿನ ರಂಗ ದೊಡ್ಡದು. ಇನಾ ಮರೆಯಲ್ಲಿ ಕೂತಳು, ಪ್ಲಾಸ್ಟರಿನ ಕಾಲು ಪೆಟ್ಟಿಗೆಯೊಂದರ ಮೇಲೆ, ಎಫಿಯ ಪುಸ್ತಕ ತೊಡೆಯ ಮೇಲೆ. ಪರದೆ ಎದ್ದಿತು. ಮೊದಲ ಐದು ನಿಮಿಷ ಜನ ಆ ಗಿಡ್ಡ ರಾಣಿಯನ್ನು ಅನುಮಾನದಿಂದ ನೋಡಿದರು. ಆಮೇಲೆ ನೋಡುವುದನ್ನು ಮರೆತು ನಂಬಿದರು. ಮೀನುಗಾರರ ಮನೆಯ ಆ ದನಿಗೆ, ಅಗಲವಾದ ಆ ಭುಜಕ್ಕೆ ಒಂದು ಹಕ್ಕಿತ್ತು. ಅವಳು ಕಿರುಚಲಿಲ್ಲ. ತನ್ನದನ್ನು ಯಾರೋ ಕಿತ್ತುಕೊಂಡಿದ್ದಾರೆ, ಅದನ್ನು ಮರಳಿ ಕೇಳುತ್ತಿದ್ದೇನೆ ಎನ್ನುವಂತೆ ಆಡಿದಳು. ಅದಕ್ಕೆ ಅಭಿನಯ ಬೇಕಿರಲಿಲ್ಲ. ಡಾಡ್ ರಂಗದ ಮೇಲೆ ನಿಜವಾಗಿಯೂ ಹೆದರಿದ.

ಆ ದೃಶ್ಯ ಬಂತು. ದೀಪ ಹಿಡಿದು ಬಂದಳು, ಮಾತು ಹೇಳಿದಳು, ನಿಂತಳು. ಕಣ್ಣ ಮುಂದೆ ಬೆಂಕಿ. ಒಂದು, ಎರಡು, ಮೂರು. ಇಡೀ ಸಭಾಂಗಣ ಅವಳ ಮುಷ್ಟಿಯಲ್ಲಿತ್ತು, ಅದು ಅವಳಿಗೆ ಅಂಗೈಯಲ್ಲಿ ತಿಳಿಯುತ್ತಿತ್ತು. ಆರು, ಏಳು. ಮುಂದಿನ ಮಾತು ಸಿದ್ಧವಾಗಿತ್ತು, ತುಟಿಯವರೆಗೆ ಬಂದಿತ್ತು. ಆಡಬೇಕಿತ್ತು. ಆಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ಇನ್ವರ್ನೆಸ್ಸಿನ ಬಹುಮಾನದ ಬೆಳ್ಳಿಯ ಬಟ್ಟಲು ಇವತ್ತು ಫಾರೆಸಿನಲ್ಲಿರುತ್ತಿತ್ತು.

ಆದರೆ ಅವಳಿಗೆ ಏಳು ಸಾಲದಾಯಿತು. ಇನಾ ಇಪ್ಪತ್ತು ನಿಂತಿದ್ದಳು. ಮರೆತು ನಿಂತವಳೇ ಇಪ್ಪತ್ತು ನಿಂತರೆ, ಎಲ್ಲ ಗೊತ್ತಿರುವ ನಾನು ಇಪ್ಪತ್ತೊಂದಾದರೂ ನಿಲ್ಲಬಾರದೇ? ಎಂಟು. ಒಂಬತ್ತು. ಒಬ್ಬರೂ ಉಸಿರಾಡುತ್ತಿರಲಿಲ್ಲ. ಹತ್ತು. ಹನ್ನೊಂದು. ಇನ್ನು ಹತ್ತು ಎಣಿಸಿದರೆ ಸಾಕು, ಇನಾ ಲೇಂಗ್‌ಳ ಹೆಸರನ್ನು ಜನ ಮರೆಯುತ್ತಾರೆ.

ಹನ್ನೆರಡಕ್ಕೆ ಮರೆಯಿಂದ ಮಾತು ಬಂತು.

ಸ್ಪಷ್ಟವಾದ, ತರಬೇತಾದ ದನಿ. ಕೊನೆಯ ಸಾಲಿನವರೆಗೂ ಕೇಳಿಸಿತು. ಎಲ್ಲೋ ಯಾರೋ ಉಸಿರು ಬಿಟ್ಟರು, ಯಾರೋ ಕಿಸಕ್ಕೆಂದರು, ಆಮೇಲೆ ನಾಲ್ಕಾರು ಜನ ಒಟ್ಟಿಗೆ ಕೆಮ್ಮಿದರು. ಎಫೀ ಆ ಮಾತನ್ನು ಹೇಳಿದಳು, ಉಳಿದದ್ದನ್ನೂ ಹೇಳಿದಳು. ಅದು ಯಾರಿಗೂ ಬೇಕಿರಲಿಲ್ಲ. ಅಲ್ಲಿಯ ತೀರ್ಪುಗಾರ್ತಿ ಕರುಣೆಯಿಂದಲೇ ಮಾತಾಡಿದಳು: “ರಾಣಿಯ ಪಾತ್ರಧಾರಿಗೆ ಅಷ್ಟು ಮುಖ್ಯವಾದ ಜಾಗದಲ್ಲಿ ಮಾತು ಮರೆತದ್ದು ದುರದೃಷ್ಟ.” ಫಾರೆಸಿಗೆ ನಾಲ್ಕನೆಯ ಸ್ಥಾನ.

ಎಫೀ ಆಮೇಲೆ ಇನ್ನೂ ಹದಿನಾರು ವರ್ಷ ಸಂಘದಲ್ಲಿದ್ದಳು. ಪುಸ್ತಕ ಹಿಡಿದಳು, ವೇಷ ಹೊಲಿದಳು. ಬೆಳಕಿಗೆ ಬಾ ಎಂದು ಯಾರೂ ಕರೆಯಲಿಲ್ಲ. ಬಾಯಿಪಾಠವಿದ್ದವಳೇ ಮರೆತಳಂತೆ ಎಂದು ಊರು ಆಡಿಕೊಂಡಿತು. ಮರೆತಿರಲಿಲ್ಲ ಎಂದು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾಕೆ ನಿಂತೆ ಎಂಬುದನ್ನೂ ಹೇಳಬೇಕಾಗುತ್ತಿತ್ತು. ಇನ್ವರ್ನೆಸ್ಸಿನ ಮರುದಿನ ಬೆಳಗ್ಗೆ ಮಾತ್ರ ಒಂದು ಸಲ ಬಾಯಿಬಿಟ್ಟಳು. ಇನಾ ಊರುಗೋಲು ಟಕಟಕ ಕುಟ್ಟುತ್ತ ಬೇಕರಿಗೆ ಬಂದಿದ್ದಳು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

“ನಿದ್ದೆ ಬಂತೇನೇ?” ಎಂದಳು ಇನಾ.

“ನೀನು ಯಾಕೆ ಮಾತು ಕೊಟ್ಟೆ?”

“ಯಾಕೆ ಅಂದ್ರೆ? ಏಳು ಚುಕ್ಕಿ ಇತ್ತು. ಏಳು ದಾಟಿತು, ಹತ್ತಾಯ್ತು, ನೀನು ಬಾಯೇ ಬಿಡಲಿಲ್ಲ.”

“ನಾನು ಮರೆತಿರಲಿಲ್ಲ.”

ಇನಾ ಊರುಗೋಲನ್ನು ಕೌಂಟರಿಗೆ ಒರಗಿಸಿ, ಹಿಟ್ಟು ಹತ್ತಿದ ಎಫಿಯ ಕೈಯ ಮೇಲೆ ತನ್ನ ಕೈ ಇಟ್ಟಳು. “ನನಗೆ ಹೇಗೆ ಗೊತ್ತಾಗ್ಬೇಕು ಗಿಡ್ಡಿ? ಮಾತಿಗೋಸ್ಕರ ಕಾಯ್ತಾ ಇದೀಯ ಅಂದ್ಕೊಂಡೆ. ಅಲ್ಲಿ ನಿಂತು ಕಾಯೋದು ಹೇಗಿರುತ್ತೆ ಅಂತ ನನಗೆ ಗೊತ್ತಲ್ಲ. ನಿನ್ನನ್ನ ಹಾಗೆ ನಿಲ್ಲಿಸೋಕೆ ನನ್ನಿಂದ ಆಗಲಿಲ್ಲ.”

ಎಫೀ ಅವಳ ಮುಖವನ್ನು ನೋಡಿದಳು. ಕಣ್ಣಿನಲ್ಲಿ, ತುಟಿಯ ಕೊನೆಯಲ್ಲಿ, ಹುಬ್ಬಿನಲ್ಲಿ ಕೊಂಕು ಹುಡುಕಿದಳು. ಚೂರಾದರೂ ಸಿಕ್ಕಿದ್ದರೆ ಅದನ್ನೇ ಹಿಡಿದುಕೊಂಡು ಬದುಕಿಕೊಳ್ಳುತ್ತಿದ್ದಳು. ಇರಲಿಲ್ಲ.